ಮೆಕ್ಕೆಜೋಳದ ಝೀನ್ ಪುಡಿ: ಔಷಧ ಹೊರುವ ಕೆಲಸಕ್ಕೆ ಎಷ್ಟು ಒದಗುತ್ತದೆ?

ನೀರಿನಲ್ಲಿ ಕರಗದ ಔಷಧವನ್ನು ಸಸ್ಯಮೂಲದ ಪ್ರೋಟೀನಿನೊಳಗೆ ತುಂಬಿ ಕೊಡಬೇಕೆಂದು ಹೊರಟವರ ಕಣ್ಣಿಗೆ ಮೊದಲು ಬೀಳುವ ಹೆಸರು ಝೀನ್. ಮೆಕ್ಕೆಜೋಳದ ಕಾಳಿನಲ್ಲಿರುವ ಪ್ರೋಟೀನು ಇದು. ಪ್ರಯೋಗಾಲಯದ ರಾಸಾಯನಿಕ ಮಾರುವವರ ಬಳಿ ಹಳದಿ ಪುಡಿಯಾಗಿ ಡಬ್ಬಿಯಲ್ಲಿ ಸಿಗುತ್ತದೆ. ಅರಿಸಿನದ ಕರ್ಕ್ಯುಮಿನನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪುಡಿಯನ್ನು ಇಲ್ಲಿ ಒರೆಗೆ ಹಚ್ಚಿದ್ದೇವೆ. ಫಾರ್ಮಸಿ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು, ಆಹಾರ ಮತ್ತು ಪೂರಕ ಪೌಷ್ಟಿಕಾಂಶ ತಯಾರಿಸುವ ಸಣ್ಣ ಘಟಕಗಳವರು ಕೊಳ್ಳುವ ಮುನ್ನ ತಿಳಿದಿರಬೇಕಾದದ್ದೇ ಇಲ್ಲಿ ಹೆಚ್ಚಾಗಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬಾಯಿಯ ಮೂಲಕ ಕೊಡುವ ಅಥವಾ ಚರ್ಮಕ್ಕೆ ಹಚ್ಚುವ, ನೀರಿಗೆ ಒಗ್ಗದ ಔಷಧಗಳಿಗೆ ಝೀನ್ ನಿಜಕ್ಕೂ ಒಳ್ಳೆಯ ಸರಕು. ಆದರೆ ಝೀನ್ ಒಂದನ್ನೇ ಕೊಂಡರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದರ ಮೇಲೆ ಹೊದಿಸಲು ಇನ್ನೊಂದು ಪದಾರ್ಥ ಬೇಕೇ ಬೇಕು, ಗುಣಮಟ್ಟವೆಲ್ಲ ಆ ಹೊದಿಕೆಯ ಮೇಲೆಯೇ ನಿಂತಿದೆ. ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದಿಗೆ ಇದನ್ನು ಶಿಫಾರಸು ಮಾಡುವುದಿಲ್ಲ.

ಡಬ್ಬಿಯಲ್ಲಿ ಇರುವುದೇನು

1821ರಲ್ಲಿ ಅಮೆರಿಕದ ಜಾನ್ ಗೋರಮ್ ಮೆಕ್ಕೆಜೋಳದಿಂದ ಈ ಪ್ರೋಟೀನನ್ನು ಬೇರ್ಪಡಿಸಿದರು. 1930ರ ದಶಕದ ಕೊನೆಗೆ ಅದು ಕಾರ್ಖಾನೆಯ ಸರಕಾಯಿತು. ಮಾತ್ರೆಗಳ ಮೇಲಿನ ಲೇಪ, ಮಿಠಾಯಿ ಮತ್ತು ಬೀಜಗಳ ಹೊಳಪಿನ ಪದರ ಇವೆಲ್ಲ ಅದರ ಹಳೆಯ ಉದ್ಯೋಗಗಳು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು ಆಹಾರದಲ್ಲಿ ಬಳಸಲು ಸುರಕ್ಷಿತವೆಂದು ಒಪ್ಪಿರುವ ಪದಾರ್ಥಗಳ ಪಟ್ಟಿಯಲ್ಲಿ ಇಟ್ಟಿದೆ. ಅಲ್ಲಿನ ಔಷಧ ಸಹಾಯಕ ಪದಾರ್ಥಗಳ ಸಂಹಿತೆಯಲ್ಲೂ ಝೀನ್‌ಗೆ ಜಾಗವಿದೆ. ಹೊಸ ವಾಹಕವೊಂದನ್ನು ಆರಿಸುವವರಿಗೆ ಈ ಎರಡು ಸಂಗತಿ ದೊಡ್ಡ ಅನುಕೂಲ. ಸುರಕ್ಷತೆಯ ಕಡತವನ್ನು ಸೊನ್ನೆಯಿಂದ ಕಟ್ಟುವ ಕಷ್ಟ ಬಾಯಿಯ ಮೂಲಕ ಕೊಡುವ ರೂಪಗಳಿಗೆ ಎಷ್ಟೋ ತಪ್ಪುತ್ತದೆ.

ಕಚ್ಚಾವಸ್ತು ನಮಗೆ ಹೊಸದಲ್ಲ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಪಿಷ್ಟದ ಕಾರ್ಖಾನೆಗೆ ಹೋದಾಗ ಪಿಷ್ಟ, ಎಣ್ಣೆಯ ಮೊಳಕೆ, ಸಿಪ್ಪೆಗಳ ಜೊತೆಗೆ ಸುಮಾರು 60 ಶೇಕಡಾ ಪ್ರೋಟೀನಿರುವ ಹಳದಿ ಗ್ಲುಟನ್ ಮೀಲ್ ಹೊರಬರುತ್ತದೆ. ಕೋಳಿ ಮತ್ತು ದನಗಳ ಮೇವಿಗೆ ಹೋಗುವ ಅದೇ ಪುಡಿಯನ್ನು ನೀರು ಬೆರೆಸಿದ ಆಲ್ಕೊಹಾಲಿನಿಂದ ತೊಳೆದು ಝೀನ್ ತೆಗೆಯುತ್ತಾರೆ. ಗ್ಲುಟನ್ ಎಂಬ ಹೆಸರು ಕೇಳಿ ಹೆದರಬೇಕಿಲ್ಲ, ಸೀಲಿಯಾಕ್ ಕಾಯಿಲೆಯವರಿಗೆ ತೊಂದರೆ ಕೊಡುವ ಗೋಧಿಯ ಗ್ಲುಟನ್ ಬೇರೆ. ಔಷಧ ದರ್ಜೆಯ ಝೀನನ್ನು ದೊಡ್ಡ ಪ್ರಮಾಣದಲ್ಲಿ ಮಾಡುವವರು ಜಗತ್ತಿನಲ್ಲಿ ಕೆಲವೇ ಮಂದಿ. ಅಮೆರಿಕದ ಫ್ಲೋ ಕೆಮಿಕಲ್, ಜಪಾನಿನ ಕೊಬಯಾಶಿ ಪರ್ಫ್ಯೂಮ್ ಅವರಲ್ಲಿ ಸೇರಿವೆ. ಮೇವಿಗೆ ಹೋಗುವ ಪುಡಿಗೂ ಶುದ್ಧ ಝೀನ್‌ಗೂ ಬೆಲೆಯಲ್ಲಿ ಅಜಗಜಾಂತರ ಇರುವುದಕ್ಕೆ ಕಾರಣ ಆ ಆಲ್ಕೊಹಾಲನ್ನು ಮರಳಿ ಹಿಡಿಯುವ, ಬಣ್ಣ ಮತ್ತು ಕೊಬ್ಬನ್ನು ತೆಗೆಯುವ ಖರ್ಚು.

ಮಾರುಕಟ್ಟೆಯ ಹಳದಿ ಝೀನ್‌ನಲ್ಲಿ ಬಹುಪಾಲು ಆಲ್ಫಾ ಝೀನ್, ಅಂದರೆ ಅಣುತೂಕದಲ್ಲಿ 19 ಮತ್ತು 22 ಕಿಲೊಡಾಲ್ಟನ್‌ನ ಎರಡು ಸರಪಳಿಗಳು. ಇದರ ಅಮೈನೊ ಆಮ್ಲಗಳಲ್ಲಿ ಅರ್ಧಕ್ಕೂ ಹೆಚ್ಚು ನೀರನ್ನು ದೂರವಿಡುವಂಥವು: ಲ್ಯೂಸಿನ್ ಒಂದೇ ಐದನೆಯ ಒಂದು ಭಾಗದಷ್ಟಿದೆ, ಪ್ರೋಲಿನ್ ಮತ್ತು ಅಲನಿನ್ ಜೊತೆಗಿವೆ. ಲೈಸಿನ್, ಟ್ರಿಪ್ಟೊಫ್ಯಾನ್ ಇಲ್ಲವೆನ್ನುವಷ್ಟು ಕಡಿಮೆ. ಆಹಾರವಾಗಿ ಇದು ಕೊರತೆ, ವಾಹಕವಾಗಿ ಇದೇ ಬಂಡವಾಳ. ಔಷಧದ ಅಣು ನೀರಿಗೆ ಹೆದರಿ ಝೀನ್‌ನ ಒಳಗೆ ಅಡಗುತ್ತದೆ. ಆದರೆ ಝೀನ್‌ನ ಕಣವೂ ಅಷ್ಟೇ ನೀರಿಗೆ ಹೆದರಿ ಪಕ್ಕದ ಕಣಕ್ಕೆ ಅಂಟಿಕೊಳ್ಳುತ್ತದೆ. ಮುಂದೆ ಬರುವ ತೊಂದರೆಗಳಿಗೆಲ್ಲ ಬೇರು ಇಲ್ಲಿದೆ.

ಹಳದಿಯೋ ಬಿಳಿಯೋ ಎಂಬ ಪ್ರಶ್ನೆಯನ್ನು ಖರೀದಿಗೆ ಮುಂಚೆಯೇ ತೀರ್ಮಾನಿಸಿ. ಹಳದಿ ಬರುವುದು ಲ್ಯೂಟಿನ್, ಝಿಯಾಝ್ಯಾಂಥಿನ್ ಎಂಬ ಬಣ್ಣದ ಅಣುಗಳಿಂದ. ಅವು ಬೆಳಕನ್ನು ಹೀರುವುದು 440–480 ನ್ಯಾನೊಮೀಟರ್ ಆಸುಪಾಸಿನಲ್ಲಿ. ಕರ್ಕ್ಯುಮಿನನ್ನು ಅಳೆಯುವುದು 425ರ ಸುತ್ತ. ಎರಡೂ ಒಂದರ ಮೇಲೊಂದು ಬೀಳುವುದರಿಂದ, ಬರೀ ಆಲ್ಕೊಹಾಲನ್ನು ಬ್ಲಾಂಕ್ (ಹೋಲಿಕೆಗೆ ಸೊನ್ನೆಯೆಂದು ಇಡುವ ದ್ರಾವಣ) ಆಗಿ ಇಟ್ಟು ಅಳೆದರೆ ಝೀನ್‌ನ ಬಣ್ಣವೂ ಔಷಧದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಔಷಧವಿಲ್ಲದೆ ಅದೇ ವಿಧಾನದಲ್ಲಿ ಮಾಡಿದ ಖಾಲಿ ಕಣಗಳನ್ನು ಅಷ್ಟೇ ಆಲ್ಕೊಹಾಲಿನಲ್ಲಿ ಕರಗಿಸಿ ಬ್ಲಾಂಕ್ ಮಾಡಿಕೊಳ್ಳಬೇಕು, ಇಲ್ಲವೇ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಗೆ ಹೋಗಬೇಕು. ಬಣ್ಣ ತೆಗೆದ ಬಿಳಿ ಝೀನ್ ತುಟ್ಟಿಯಾದರೂ, ಔಷಧವೇ ಹಳದಿಯಾಗಿದ್ದಾಗ ಕೊಟ್ಟ ಹಣಕ್ಕೆ ಮೋಸವಿಲ್ಲ.

ಕರಗಿಸುವ ಹದ

ಝೀನ್ ಬರೀ ನೀರಿನಲ್ಲಿ ಕರಗದು, ನೀರಿಲ್ಲದ ಶುದ್ಧ ಎಥನಾಲಿನಲ್ಲೂ ಸರಿಯಾಗಿ ಕರಗದು. ಎರಡೂ ಬೆರೆತ 70–85 ಶೇಕಡಾ ಎಥನಾಲ್ ಅದಕ್ಕೆ ಹಿತ. 80 ಶೇಕಡಾ ಇಟ್ಟುಕೊಂಡರೆ ಕರ್ಕ್ಯುಮಿನ್ ಕೂಡ ಅದರಲ್ಲೇ ಕರಗುತ್ತದೆ. ಪುಡಿಯನ್ನು ಬೀಕರಿಗೆ ಸುರಿದು ಮೇಲೆ ದ್ರಾವಕ ಹಾಕಿದರೆ ಉಪ್ಪಿಟ್ಟಿನ ರವೆಯಂತೆ ಗಂಟು ಕಟ್ಟುತ್ತದೆ, ಹೊರಗಿನ ಪದರ ಜಿಗುಟಾಗಿ ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಸ್ಟಿರರ್ ಮೇಲೆ ದ್ರಾವಕ ಸುಳಿ ತಿರುಗುತ್ತಿರುವಾಗ ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಮುಚ್ಚಳ ಹಾಕಿ ಅರ್ಧ ಗಂಟೆಯಿಂದ ಒಂದು ಗಂಟೆ ತಿರುಗಿಸಿದರೆ ತಿಳಿ ಹಳದಿ ದ್ರಾವಣವಾಗುತ್ತದೆ. ಮುಚ್ಚಳವಿಲ್ಲದಿದ್ದರೆ ಆಲ್ಕೊಹಾಲ್ ಮೊದಲು ಆರಿ, ಅನುಪಾತ ಕೆಟ್ಟು, ದ್ರಾವಣ ಮಬ್ಬಾಗುತ್ತದೆ. ಸ್ವಲ್ಪ ಮಬ್ಬು ಉಳಿದರೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನಷ್ಟೇ ಬಳಸಿ. ಅಡಿಯಲ್ಲಿ ಕೂತದ್ದು ಕರಗದ ಭಾಗ. ಅದರ ತೂಕವನ್ನು ಲೆಕ್ಕದಿಂದ ಕಳೆಯುವುದನ್ನು ಮರೆಯಬೇಡಿ.

ಕರಗಿದ ಝೀನನ್ನು ನಾಳೆಗೆ ಎತ್ತಿಡಬಾರದು. ಗಟ್ಟಿ ದ್ರಾವಣ, ಅದರಲ್ಲೂ ನೀರಿನ ಪಾಲು ಹೆಚ್ಚಿರುವ ದ್ರಾವಣ, ಇಟ್ಟಲ್ಲೇ ಜೆಲ್ ಆಗುವ ಸ್ವಭಾವದ್ದು. ಅಂದಂದಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಿ.

ನಮ್ಮಲ್ಲಿ ಎಥನಾಲ್ ಕೊಳ್ಳಲು ಅಬಕಾರಿ ಇಲಾಖೆಯ ಪರವಾನಗಿ ಬೇಕು, ಸಣ್ಣ ಕಾಲೇಜುಗಳಿಗೆ ಇದು ತಲೆನೋವು. ಅದಕ್ಕೆಂದು ವಿಷ ಬೆರೆಸಿದ ಸ್ಪಿರಿಟ್ಟನ್ನು ಬಳಸಬೇಡಿ. ಬೆರಕೆಯ ಪದಾರ್ಥ ಕಣದೊಳಗೇ ಉಳಿಯಬಹುದು. 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲೂ ಝೀನ್ ಚೆನ್ನಾಗಿ ಕರಗುತ್ತದೆ. ಉಳಿಕೆ ದ್ರಾವಕದ ಅಂತರರಾಷ್ಟ್ರೀಯ ನಿಯಮದಲ್ಲಿ ಎರಡೂ ಅಪಾಯ ಕಡಿಮೆಯೆನ್ನುವ ಮೂರನೆಯ ವರ್ಗಕ್ಕೇ ಸೇರಿವೆ, ಮಿತಿ 5000 ಪಿಪಿಎಂ. ಕರ್ಕ್ಯುಮಿನ್ ಅದರಲ್ಲಿ ಎಷ್ಟು ಕರಗುತ್ತದೆಂದು ಮೊದಲೇ ನೋಡಿಕೊಂಡರಾಯಿತು.

ಪಾತ್ರೆ ತೊಳೆಯುವ ವಿಚಾರವೂ ಇದೆ. ಝೀನ್ ಹಿಡಿದ ಬೀಕರನ್ನು ನೇರವಾಗಿ ನಲ್ಲಿಯ ಕೆಳಗೆ ಹಿಡಿದರೆ ಗಾಜಿಗೆ ಎಳೆ ಎಳೆಯಾಗಿ ಅಂಟಿನಂತೆ ಕಚ್ಚಿಕೊಳ್ಳುತ್ತದೆ, ಉಜ್ಜಿದಷ್ಟೂ ಬಿಡದು. ಮೊದಲು 70 ಶೇಕಡಾ ಆಲ್ಕೊಹಾಲಿನಿಂದ ಎರಡು ಸಲ ತೊಳೆದು, ಆಮೇಲೆ ಸೋಪು ನೀರು.

ಕಣ ಕಟ್ಟುವುದು

ದುಬಾರಿ ಯಂತ್ರ ಬೇಡದಿರುವುದು ಝೀನ್‌ನ ದೊಡ್ಡ ಆಕರ್ಷಣೆ. ಆಲ್ಕೊಹಾಲಿನಲ್ಲಿ ಕರಗಿದ ಪ್ರೋಟೀನನ್ನು ನೀರಿಗೆ ಹಾಕಿದೊಡನೆ ಆಲ್ಕೊಹಾಲ್ ನೀರಿನಲ್ಲಿ ಬೆರೆತುಹೋಗುತ್ತದೆ, ನೆಲೆ ತಪ್ಪಿದ ಝೀನ್ ಸುರುಳಿ ಸುತ್ತಿ ಕಣವಾಗುತ್ತದೆ, ಹತ್ತಿರದಲ್ಲಿದ್ದ ಔಷಧವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಒಂದು ತಂಡಕ್ಕೆ, ಅಂದರೆ ಒಂದು ಸಲ ಮಾಡುವ ಪ್ರಮಾಣಕ್ಕೆ, ಈ ಅಳತೆ ನಂಬಬಹುದಾದದ್ದು:

500 ಮಿಗ್ರಾಂ ಝೀನ್, 50 ಮಿಗ್ರಾಂ ಕರ್ಕ್ಯುಮಿನ್ ಎರಡನ್ನೂ 20 ಮಿಲಿ 80 ಶೇಕಡಾ ಎಥನಾಲಿನಲ್ಲಿ ಕರಗಿಸಿ, ಬೀಕರಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಕರ್ಕ್ಯುಮಿನ್ ಬೆಳಕಿಗೆ ಹಾಳಾಗುತ್ತದೆ. ಇನ್ನೊಂದು ಬೀಕರಿನಲ್ಲಿ ಹೊದಿಕೆಗೆಂದು 500 ಮಿಗ್ರಾಂ ಸೋಡಿಯಂ ಕೇಸಿನೇಟನ್ನು (ಹಾಲಿನ ಪ್ರೋಟೀನಿನ ಪುಡಿ) 60 ಮಿಲಿ ಶುದ್ಧ ನೀರಿನಲ್ಲಿ ಕರಗಿಸಿ. ಅದು ನೀರು ಕುಡಿಯಲು ಹೊತ್ತು ಬೇಕು, ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ನೆನೆಯಲು ಬಿಡುವುದು ಒಳ್ಳೆಯದು. ಪಿಎಚ್ 7ಕ್ಕೆ ತನ್ನಿ. ಇದನ್ನು ನಿಮಿಷಕ್ಕೆ 800–1000 ಸುತ್ತಿನಲ್ಲಿ ತಿರುಗಿಸುತ್ತ, ಸಿರಿಂಜಿನ ಸೂಜಿಯ ತುದಿಯನ್ನು ಸುಳಿಯ ಹತ್ತಿರ ಹಿಡಿದು, ಝೀನ್ ದ್ರಾವಣವನ್ನು ಒಂದೆರಡು ನಿಮಿಷದಲ್ಲಿ ಒಳಗೆ ಬಿಡಿ. ಮಾಡಿದೊಡನೆ ಹಾಲಿನಂಥ ಹಳದಿ ದ್ರವ ಬರಬೇಕು, ಗೋಡೆಗೆ ದಾರದಂಥ ತುಣುಕು ಅಂಟಬಾರದು. ರೋಟರಿ ಇವ್ಯಾಪೊರೇಟರಿನಲ್ಲಿ 40 ಡಿಗ್ರಿಯಲ್ಲಿ ಆಲ್ಕೊಹಾಲ್ ತೆಗೆದು, ನೀರು ಸೇರಿಸಿ ಮತ್ತೆ 60 ಮಿಲಿಗೆ ತನ್ನಿ. ಕೇಸಿನೇಟ್ ನೊರೆ ಕಟ್ಟುವ ಜಾತಿ. ನಿರ್ವಾತವನ್ನು ಒಮ್ಮೆಲೇ ಕೊಟ್ಟರೆ ಅರ್ಧ ಸರಕು ಕಂಡೆನ್ಸರಿನೊಳಗೆ ಹೋಗುತ್ತದೆ. ದೊಡ್ಡ ಫ್ಲಾಸ್ಕ್ ತೆಗೆದುಕೊಂಡು ಹಂತ ಹಂತವಾಗಿ ಒತ್ತಡ ಇಳಿಸಿ.

ಝೀನನ್ನು ನೀರಿಗೆ ಹಾಕಬೇಕು, ನೀರನ್ನು ಝೀನ್‌ಗಲ್ಲ. ತಿರುಗುಮುರುಗಾದರೆ ಆಲ್ಕೊಹಾಲ್ ನಿಧಾನಕ್ಕೆ ತೆಳುವಾಗುತ್ತ ಹೋಗಿ, ಕಣ ಹುಟ್ಟುವ ಬದಲು ಜಿಗುಟು ಮುದ್ದೆ ಬೀಳುತ್ತದೆ. ಸುರಿಯುವ ಕೈ ನಿಧಾನವಾದರೂ, ಸ್ಟಿರರ್ ಮೆಲ್ಲಗಿದ್ದರೂ, ಝೀನ್ ದ್ರಾವಣ ಮಿಲಿಗೆ 25 ಮಿಗ್ರಾಂಗಿಂತ ಬಹಳ ಗಟ್ಟಿಯಾದರೂ ಕಣ ದಪ್ಪವಾಗುತ್ತದೆ. ಎಲ್ಲ ಸರಿಯಿದ್ದರೆ ಸರಾಸರಿ ಅಳತೆ 100–200 ನ್ಯಾನೊಮೀಟರ್, ಚದುರಿಕೆಯ ಸೂಚ್ಯಂಕ (ಕಣಗಳ ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಇದೆಯೆಂಬ ಅಂಕಿ) 0.2ರ ಒಳಗೆ ಅಥವಾ ಅದರ ಆಸುಪಾಸು ಬರಬೇಕು.

ಹೊದಿಕೆಯೇ ಜೀವ

ಕೇಸಿನೇಟ್ ಇಲ್ಲದೆ ಬರೀ ನೀರಿಗೆ ಝೀನ್ ಬಿಟ್ಟರೂ ಕಣ ಬರುತ್ತದೆ, ನೋಡಲು ಚೆಂದವೂ ಇರುತ್ತದೆ. ಪಿಎಚ್ 4ರಲ್ಲಿ ಝೀಟಾ ಪೊಟೆನ್ಶಿಯಲ್ (ಕಣದ ಮೈಮೇಲಿನ ವಿದ್ಯುತ್ತಿನ ಅಳತೆ) +30 ಮಿಲಿವೋಲ್ಟಿನ ಸುತ್ತ ಇದ್ದು ಕಣಗಳು ಒಂದನ್ನೊಂದು ದೂಡಿಕೊಂಡು ತೇಲುತ್ತವೆ. ಝೀನ್‌ನ ವಿದ್ಯುತ್ ತಟಸ್ಥ ಬಿಂದು ಪಿಎಚ್ 6.2ರ ಹತ್ತಿರ. ಪಿಎಚ್ 5 ದಾಟಿದ ಮೇಲೆ ದೂಡುವ ಬಲ ಕುಗ್ಗಿ, 6ಕ್ಕೆ ಬರುವಷ್ಟರಲ್ಲಿ ಕಣಗಳೆಲ್ಲ ಸೇರಿ ತಳಕ್ಕೆ ಕೂರುತ್ತವೆ. ಉಪ್ಪು ಬಿದ್ದರೂ ಅದೇ ಕಥೆ. ಕರುಳಿನ ಪಿಎಚ್ 6ರಿಂದ 7.5ರವರೆಗೆ, ಜೊತೆಗೆ ಲವಣಗಳು ಯಥೇಚ್ಛ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಸುಂದರವಾಗಿದ್ದ ಕಣ ಹೊಟ್ಟೆಯೊಳಗೆ ಮುದ್ದೆಯಾಗುವುದು ಹೀಗೆ. ಫಾಸ್ಫೇಟ್ ಬಫರಿಗೆ ಒಂದು ಹನಿ ಬಿಟ್ಟು ನೋಡಿದರೆ ಎರಡು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ಹೊದಿಕೆಯಿಲ್ಲದ ಝೀನ್ ಕಣದ ಫಲಿತಾಂಶವನ್ನು ನೀರಿನಲ್ಲಷ್ಟೇ ಅಳೆದು ತೋರಿಸುವ ವರದಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ.

ಕೇಸಿನೇಟ್ ಹೊದಿಸಿದ ಮೇಲೆ ಚಿತ್ರ ಬದಲಾಗುತ್ತದೆ. ಅದರ ನೀರಿಗೆ ಒಗ್ಗದ ಭಾಗ ಝೀನ್‌ಗೆ ಅಂಟಿ, ಒಗ್ಗುವ ಭಾಗ ಹೊರಗೆ ಚಾಚಿಕೊಳ್ಳುತ್ತದೆ. ಪಿಎಚ್ 7ರಲ್ಲಿ ಝೀಟಾ −30ರಿಂದ −40ರವರೆಗೆ ಹೋಗುತ್ತದೆ, ಉಪ್ಪಿಗೂ ಸಾಕಷ್ಟು ತಡೆಯುತ್ತದೆ. ಆದರೆ ಕೇಸಿನೇಟಿಗೆ ತನ್ನದೇ ತಟಸ್ಥ ಬಿಂದುವಿದೆ, ಪಿಎಚ್ 4.6. ಹಾಲು ಒಡೆಯುವುದೂ ಅಲ್ಲಿಯೇ. ಜಠರದ ಆಮ್ಲಕ್ಕೆ ಇಳಿಯುವ ದಾರಿಯಲ್ಲಿ ಕಣ ಆ ಬಿಂದುವನ್ನು ದಾಟಬೇಕು, ಮೇಲಾಗಿ ಪೆಪ್ಸಿನ್ ಮೊದಲು ಕಡಿಯುವುದು ಈ ಹೊದಿಕೆಯನ್ನೇ. ಇನ್ನೊಂದು ಅಡಚಣೆ: ಕೇಸಿನೇಟ್ ಹಾಲಿನದು. ಡಬ್ಬಿಯ ಮೇಲೆ ಸಸ್ಯಮೂಲದ್ದು ಎಂದು ಬರೆಯುವ ಆಸೆಯಿದ್ದರೆ ಇದನ್ನು ಬಳಸುವಂತಿಲ್ಲ, ಹಾಲಿನ ಅಲರ್ಜಿಯ ಎಚ್ಚರಿಕೆಯನ್ನೂ ಬರೆಯಬೇಕು.

ಸಸ್ಯದ್ದೇ ಬೇಕೆಂದರೆ ಹಣ್ಣಿನ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್. ಪಿಎಚ್ 4ರಲ್ಲಿ ಝೀನ್ ಧನ, ಪೆಕ್ಟಿನ್ ಋಣ, ಎರಡೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಆಮ್ಲದಲ್ಲಿ ಚೆನ್ನಾಗಿ ಬಾಳುತ್ತವೆ. ಪಿಎಚ್ 7ಕ್ಕೆ ಬಂದಾಗ ಝೀನ್ ಕೂಡ ಋಣವಾಗಿ ಹಿಡಿತ ಸಡಿಲುತ್ತದೆ. ಪೆಕ್ಟಿನ್ ಕಡಿಮೆಯಾದರೆ ಒಂದೇ ಎಳೆ ಎರಡು ಕಣಗಳನ್ನು ಕಟ್ಟಿಹಾಕಿ ಗಂಟು ಮಾಡುತ್ತದೆ. ಆದ್ದರಿಂದ ಪೆಕ್ಟಿನ್ ದ್ರಾವಣ ಸಾಕಷ್ಟು ಇಟ್ಟುಕೊಂಡು ಅದರೊಳಕ್ಕೆ ಕಣಗಳನ್ನು ಬಿಡಬೇಕು, ಕಣಗಳ ಮೇಲೆ ಪೆಕ್ಟಿನ್ ಹನಿಸಬಾರದು. ಎರಡರ ಲಾಭವನ್ನೂ ಪಡೆಯುವ ದಾರಿಯೊಂದಿದೆ: ಮೊದಲು ಕೇಸಿನೇಟ್, ಅದರ ಮೇಲೆ ಪೆಕ್ಟಿನ್, ಆಮೇಲೆ ಪಿಎಚ್ 4ಕ್ಕೆ ಇಳಿಸಿ 80 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವುದು. ಕಾವಿಗೆ ಪದರಗಳು ಬೆಸೆದುಕೊಳ್ಳುತ್ತವೆ. ಬಾಯಿಯ ಮೂಲಕ ಕೊಡುವ ರೂಪಕ್ಕೆ ನಮ್ಮ ಒಲವು ಇದರ ಕಡೆಗೇ, ಒಂದು ಹಂತ ಹೆಚ್ಚಾದರೂ ಚಿಂತೆಯಿಲ್ಲ. ಗೋಂದು, ಆಲ್ಜಿನೇಟ್, ಲೆಸಿಥಿನ್‌ಗಳನ್ನೂ ಬಳಸುತ್ತಾರೆ.

ಅಳೆಯುವಾಗ ಆಗುವ ಮೋಸ

ಝೀನ್ ಕಣಗಳ ಬಗ್ಗೆ ‘99 ಶೇಕಡಾ ಔಷಧ ಒಳಗೆ ಸೇರಿತು’ ಎಂಬ ಅಂಕಿ ಕಂಡರೆ ಹೇಗೆ ಅಳೆದರೆಂದು ಮೊದಲು ನೋಡಬೇಕು. ಸಾಮಾನ್ಯ ವಿಧಾನ ಹೀಗೆ: ಕಣಗಳನ್ನು ವೇಗವಾಗಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರಿನಲ್ಲಿ ಉಳಿದ ಔಷಧವನ್ನು ಅಳೆದು, ಹಾಕಿದ್ದರಲ್ಲಿ ಕಳೆಯುವುದು. ನೀರಿನಲ್ಲಿ ಕರಗುವ ಔಷಧಕ್ಕೆ ಇದು ಸರಿ. ಕರ್ಕ್ಯುಮಿನ್ ಕರಗುವುದು ಲೀಟರಿಗೆ ಮೈಕ್ರೊಗ್ರಾಂಗಳ ಲೆಕ್ಕದಲ್ಲಿ. ಕಣದೊಳಗೆ ಸೇರದೆ ಉಳಿದದ್ದು ಹರಳಾಗಿ ಕಣಗಳ ಜೊತೆಗೇ ತಳಕ್ಕೆ ಇಳಿಯುತ್ತದೆ, ಮೇಲಿನ ನೀರು ಹೇಗಿದ್ದರೂ ಖಾಲಿ. ಒಂದು ಹರಳೂ ಒಳಗೆ ಸೇರದಿದ್ದರೂ ಆ ಲೆಕ್ಕ 99 ಎಂದೇ ಹೇಳುತ್ತದೆ.

ಸರಿಯಾದ ಕ್ರಮ ಎರಡು ಹಂತದ್ದು. ಮೊದಲು ನಿಮಿಷಕ್ಕೆ 3000 ಸುತ್ತಿನಲ್ಲಿ ಹತ್ತು ನಿಮಿಷ ತಿರುಗಿಸಿ. ದಪ್ಪ ಹರಳು ಮತ್ತು ಮುದ್ದೆಗಳು ತಳಕ್ಕೆ ಬೀಳುತ್ತವೆ, ನ್ಯಾನೊ ಕಣಗಳು ಮೇಲೆಯೇ ಇರುತ್ತವೆ. ಮೇಲಿನ ದ್ರವದಲ್ಲಿ ಒಂದು ಪಾಲು ತೆಗೆದು ಒಂಬತ್ತು ಪಾಲು 80 ಶೇಕಡಾ ಎಥನಾಲಿನಲ್ಲಿ ಬೆರೆಸಿ ಔಷಧವನ್ನು ನೇರವಾಗಿ ಅಳೆಯಿರಿ. ಕೇಸಿನೇಟ್ ಕರಗದೆ ಮಬ್ಬು ಬಂದರೆ ಅದನ್ನು ಸೆಂಟ್ರಿಫ್ಯೂಜಿನಲ್ಲಿ ಕೂರಿಸಿ ಆಮೇಲೆ ಓದಿ. ತಳದಲ್ಲಿ ಬಿದ್ದದ್ದನ್ನೂ ಕರಗಿಸಿ ಅಳೆದು, ಎರಡೂ ಸೇರಿ ಹಾಕಿದ ಮೊತ್ತಕ್ಕೆ ಹತ್ತಿರ ಬರುತ್ತದೆಯೇ ನೋಡಿ. ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೋಡಿದರೆ ಸೂಜಿಯಾಕಾರದ ಹರಳುಗಳು ತಾವಾಗಿಯೇ ಕಾಣಿಸುತ್ತವೆ. ಎಕ್ಸ್‌ರೇ ಡಿಫ್ರ್ಯಾಕ್ಷನ್‌ನಲ್ಲಿ ಕರ್ಕ್ಯುಮಿನ್ನಿನ ಚೂಪು ಶಿಖರಗಳು ಮಾಯವಾಗಿದ್ದರೆ ಔಷಧ ಹರಳಾಗಿ ಉಳಿದಿಲ್ಲ ಎನ್ನುವುದಕ್ಕೆ ಅದು ಇನ್ನೊಂದು ಸುಳಿವು.

ಔಷಧ ಬಿಡುಗಡೆಯ ಪರೀಕ್ಷೆಯಲ್ಲೂ ಇಂಥದ್ದೇ ಇದೆ. ಸಣ್ಣ ಅಣುಗಳನ್ನಷ್ಟೇ ಹೊರಗೆ ಬಿಡುವ ಡಯಾಲಿಸಿಸ್ ಚೀಲದಲ್ಲಿ ಕಣ ತುಂಬಿ ಬರೀ ಫಾಸ್ಫೇಟ್ ಬಫರಿನಲ್ಲಿ ಮುಳುಗಿಸಿದರೆ ಕರ್ಕ್ಯುಮಿನ್ ಹೊರಗೆ ಬರಲು ಜಾಗವೇ ಇರುವುದಿಲ್ಲ. ಬಂದದ್ದೂ ಪಿಎಚ್ 7.4, 37 ಡಿಗ್ರಿಯಲ್ಲಿ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. ಗ್ರಾಫು ಮೆಲ್ಲಗೆ ಏರುವುದನ್ನು ಕಂಡು ‘ನಿಧಾನ ಬಿಡುಗಡೆ’ ಎಂದು ಬರೆದರೆ ಅದು ಝೀನ್‌ನ ಗುಣವಲ್ಲ, ಬಫರಿನ ದೋಷ. ಬಫರಿಗೆ ಕರ್ಕ್ಯುಮಿನ್ ಕರಗಲು ನೆರವಾಗುವ ಟ್ವೀನ್ 80ನ್ನು 0.5 ಶೇಕಡಾ ಸೇರಿಸಿ, ಬರೀ ಕರ್ಕ್ಯುಮಿನನ್ನು ಅದೇ ಚೀಲದಲ್ಲಿಟ್ಟು ಹೋಲಿಕೆಗೆ ಒಂದು ಸಾಲು ಓಡಿಸಿ. ಹೋಲಿಕೆಯ ಸಾಲೂ ಅಷ್ಟೇ ನಿಧಾನವಾದರೆ ತಡೆಯುತ್ತಿರುವುದು ಚೀಲ, ಕಣವಲ್ಲ.

ಕಣದ ಅಳತೆ ನೋಡುವ ಮುನ್ನ ಆಲ್ಕೊಹಾಲ್ ತೆಗೆದಿರಬೇಕು. 20 ಶೇಕಡಾ ಎಥನಾಲ್ ಬೆರೆತ ನೀರಿನ ಸ್ನಿಗ್ಧತೆ ಬರೀ ನೀರಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಯಂತ್ರಕ್ಕೆ ನೀರಿನ ಅಂಕಿಯನ್ನೇ ಕೊಟ್ಟರೆ ಕಣ ಇರುವುದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ. ಪ್ರೋಟೀನ್ ಅಳೆಯಲು ಬ್ರ್ಯಾಡ್‌ಫೋರ್ಡ್ ವಿಧಾನ ಬೇಡ: ಅದರಲ್ಲಿ ಬಳಸುವ ಬಣ್ಣ ಹೆಚ್ಚಾಗಿ ಅರ್ಜಿನಿನ್, ಲೈಸಿನ್‌ಗಳಿಗೆ ಅಂಟುವಂಥದ್ದು, ಝೀನ್‌ನಲ್ಲಿ ಅವು ವಿರಳ, ಫಲಿತಾಂಶ ಕಡಿಮೆ ಬರುತ್ತದೆ. ಸಾರಜನಕ ಅಳೆದು 6.25ರಿಂದ ಗುಣಿಸುವ ಹಳೆಯ ಕ್ಜೆಲ್ಡಾಲ್ ವಿಧಾನವೇ ಇಲ್ಲಿ ಗಟ್ಟಿ.

ಒಣಗಿಸಿದ ಮೇಲೆ ಉಳಿಯುವ ಲೆಕ್ಕ

ದ್ರವರೂಪದಲ್ಲಿ ಕಣಗಳು ಫ್ರಿಜ್ಜಿನಲ್ಲಿ ಕೆಲವು ವಾರ ಇರಬಹುದು, ಆದರೆ ಪ್ರೋಟೀನಾದ್ದರಿಂದ ಬೂಸು ಹಿಡಿಯುತ್ತದೆ. ಕೆಡದಿರಲೆಂದು ಸೋಡಿಯಂ ಅಝೈಡ್ ಎಂಬ ವಿಷ ಹಾಕಿದ ಮಾದರಿಯನ್ನು ಜೀವಕೋಶ ಅಥವಾ ಪ್ರಾಣಿಗಳ ಪರೀಕ್ಷೆಗೆ ಬಳಸಲೇಬಾರದು. ಹಾಗಾಗಿ ಫ್ರೀಜ್ ಡ್ರೈಯಿಂಗ್, ಅಂದರೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು. ಸಕ್ಕರೆಯಿಲ್ಲದೆ ಒಣಗಿಸಿದರೆ ಕಣಗಳು ಮಂಜುಗಡ್ಡೆಯ ನಡುವೆ ಒತ್ತಿಕೊಂಡು ಬೆಸೆದುಹೋಗಿ ಮತ್ತೆ ಬಿಡಿಯಾಗುವುದಿಲ್ಲ. ಘನಪದಾರ್ಥದ ತೂಕಕ್ಕೆ ಸಮನಾಗಿ ಟ್ರೆಹಲೋಸ್ ಎಂಬ ಸಕ್ಕರೆ ಹಾಕಿದರೆ ಪುಡಿ ಹಗುರಾಗಿ, ನೀರು ಹಾಕಿ ಕೈಯಲ್ಲಿ ಅಲ್ಲಾಡಿಸಿದಾಗ ಬಿಡಿಬಿಡಿಯಾಗುತ್ತದೆ. ಮತ್ತೆ ನೀರಿನಲ್ಲಿ ಬೆರೆಸಿದ ಮೇಲಿನ ಕಣದ ಅಳತೆಯನ್ನು ಒಣಗಿಸುವ ಮುಂಚಿನ ಅಳತೆಯಿಂದ ಭಾಗಿಸಿದರೆ ಒಂದರ ಹತ್ತಿರ ಬರಬೇಕು. ಎರಡಾದರೆ ಸಕ್ಕರೆ ಸಾಲದು ಎಂದರ್ಥ.

ಈಗ ಕ್ಯಾಪ್ಸೂಲಿನ ಲೆಕ್ಕ ಹಾಕೋಣ. 50 ಮಿಗ್ರಾಂ ಔಷಧ, 500 ಝೀನ್, 500 ಕೇಸಿನೇಟ್ ಸೇರಿ 1050. ಔಷಧ ಪೂರ್ತಿ ಒಳಗೆ ಉಳಿದರೂ ತೂಕದಲ್ಲಿ ಅದರ ಪಾಲು 5 ಶೇಕಡಾಗೂ ಕಡಿಮೆ. 1 ಗ್ರಾಂ ಟ್ರೆಹಲೋಸ್ ಸೇರಿದರೆ 2050ಕ್ಕೆ 50, ಅಂದರೆ 2.4 ಶೇಕಡಾ. 500 ಮಿಗ್ರಾಂ ತುಂಬಿದ ಕ್ಯಾಪ್ಸೂಲಿನಲ್ಲಿ ಔಷಧ 12 ಮಿಗ್ರಾಂ ಮಾತ್ರ. ದಿನಕ್ಕೆ ಕೆಲವೇ ಮಿಲಿಗ್ರಾಂ ಅಥವಾ ಮೈಕ್ರೊಗ್ರಾಂ ಸಾಕಾಗುವ ವಿಟಮಿನ್ ಡಿ3ಯಂಥದ್ದಕ್ಕೆ ಇದು ಧಾರಾಳ. ಇನ್ನೂರು ಮುನ್ನೂರು ಮಿಲಿಗ್ರಾಂ ಬೇಕಾಗುವ ಔಷಧಕ್ಕೆ ರೋಗಿಯ ಮುಂದೆ ಬೊಗಸೆಗಟ್ಟಲೆ ಕ್ಯಾಪ್ಸೂಲ್ ಇಡಬೇಕಾದೀತು. ಝೀನ್ ಕೊಳ್ಳುವ ಮುನ್ನ ಹಾಕಬೇಕಾದ ಮೊದಲ ಲೆಕ್ಕ ಇದು, ಆದರೂ ಬಹಳಷ್ಟು ಪ್ರಬಂಧಗಳಲ್ಲಿ ಕಾಣದು. ಔಷಧದ ಪಾಲನ್ನು ಹೆಚ್ಚಿಸುತ್ತ ಹೋದರೆ ಒಂದು ಮಿತಿಯಾಚೆ ಅದು ಹೊರಗೆ ಹರಳಾಗುತ್ತದೆ. ಝೀನ್‌ಗೆ ಹತ್ತನೇ ಒಂದು ಪಾಲಿನಿಂದ ಶುರುಮಾಡಿ ಐದನೇ ಒಂದರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಹರಳು ಕಂಡ ಕಡೆ ನಿಲ್ಲಿಸಿ.

ದೇಹದೊಳಗೆ

ಬೇರೆ ಎಷ್ಟೋ ಪ್ರೋಟೀನುಗಳಿಗೆ ಹೋಲಿಸಿದರೆ ಝೀನ್ ನಿಧಾನವಾಗಿ ಜೀರ್ಣವಾಗುತ್ತದೆ. ಜಠರದಲ್ಲಿ ಸ್ವಲ್ಪ ಸವೆದರೂ ಔಷಧವನ್ನು ಕರುಳಿನವರೆಗೆ ಒಯ್ಯುವ ತಾಕತ್ತಿದೆ. ಇಲಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಕರ್ಕ್ಯುಮಿನ್, ಕ್ವೆರ್ಸೆಟಿನ್, ರೆಸ್ವೆರಟ್ರಾಲ್‌ಗಳು ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚಿದ್ದು ಕಂಡಿದೆ. ಇಲಿಯ ಫಲಿತಾಂಶವನ್ನು ನೇರವಾಗಿ ಮನುಷ್ಯರಿಗೆ ಹಚ್ಚುವುದು ತಪ್ಪು.

ಚುಚ್ಚುಮದ್ದಿಗೆ ಬೇಡವೆನ್ನಲು ಕಾರಣಗಳು ಸ್ಪಷ್ಟ. ತಿನ್ನುವ ಪ್ರೋಟೀನು ರಕ್ತಕ್ಕೆ ನೇರವಾಗಿ ಹೋದರೆ ಪರಕೀಯವೇ. ಝೀನ್‌ನ ಸೂಕ್ಷ್ಮ ಕಣಗಳನ್ನು ಸ್ನಾಯುವಿಗೆ ಚುಚ್ಚಿದ ಇಲಿಗಳಲ್ಲಿ ಝೀನ್ ವಿರುದ್ಧವೇ ಪ್ರತಿಕಾಯಗಳು ಹುಟ್ಟಿದ್ದು 2006ರಷ್ಟು ಹಿಂದೆಯೇ ವರದಿಯಾಗಿದೆ. ನೀರಿಗೆ ಒಗ್ಗದ ಮೈಯಿರುವ ಕಣಗಳನ್ನು ಯಕೃತ್ತಿನ ಭಕ್ಷಕ ಕೋಶಗಳು ಬೇಗ ಹಿಡಿದು ನುಂಗುತ್ತವೆ. ಆಹಾರ ದರ್ಜೆಯ ಪುಡಿಯಲ್ಲಿ ಬ್ಯಾಕ್ಟೀರಿಯಾದ ವಿಷವಾದ ಎಂಡೊಟಾಕ್ಸಿನ್ ಇರಬಹುದು. 150–200 ನ್ಯಾನೊಮೀಟರಿನ ಕಣಗಳನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ ಕ್ರಿಮಿ ತೆಗೆಯುವುದೂ ಕಷ್ಟ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಚುಚ್ಚುಮದ್ದಿನಲ್ಲಿ ಗೆದ್ದ ಪ್ರೋಟೀನ್ ವಾಹಕವೆಂದರೆ ಮನುಷ್ಯನದೇ ರಕ್ತದ ಪ್ರೋಟೀನಾದ ಅಲ್ಬುಮಿನ್. ಕ್ಯಾನ್ಸರ್ ಔಷಧ ಪ್ಯಾಕ್ಲಿಟ್ಯಾಕ್ಸೆಲನ್ನು ಅಲ್ಬುಮಿನ್‌ಗೆ ಕಟ್ಟಿದ, ಸುಮಾರು 130 ನ್ಯಾನೊಮೀಟರಿನ ಔಷಧಕ್ಕೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ಸಿಕ್ಕಿತು. ಆ ದಾರಿಯಲ್ಲಿ ಝೀನನ್ನು ಸ್ಪರ್ಧೆಗೆ ಇಳಿಸುವುದರಲ್ಲಿ ಅರ್ಥವಿಲ್ಲ.

ನೀರಿನಲ್ಲಿ ಸಲೀಸಾಗಿ ಕರಗುವ ಮೆಟ್‌ಫಾರ್ಮಿನ್‌ನಂಥ ಔಷಧಕ್ಕೂ ಇದು ತಕ್ಕದ್ದಲ್ಲ. ಕಣ ಕಟ್ಟುವ ಹೊತ್ತಿಗೇ ಔಷಧ ನೀರಿಗೆ ಓಡಿಹೋಗುತ್ತದೆ. ಆಲ್ಕೊಹಾಲಿಗೆ ಕೆಡುವ ಕಿಣ್ವಗಳಿಗೂ ಬೇಡ.

ಪಕ್ಕದ ಸಾಲಿನಲ್ಲಿ ಇರುವವು

ಗೋಧಿಯ ಗ್ಲಯಾಡಿನ್ ಕೂಡ ಆಲ್ಕೊಹಾಲಿನಲ್ಲಿ ಕರಗುವ ಪ್ರೋಟೀನೇ, ಕರುಳಿನ ಲೋಳೆಗೆ ಅಂಟುವುದರಲ್ಲಿ ಗಟ್ಟಿಗ. ಆದರೆ ಸೀಲಿಯಾಕ್ ಇರುವವರಿಗೆ ಅದು ವಿಷವೇ ಸರಿ. ಔಷಧದ ವಾಹಕವೇ ಒಂದು ಗುಂಪಿನ ರೋಗಿಗಳಿಗೆ ಕೇಡು ಮಾಡುವುದಾದರೆ ಅದನ್ನು ಆರಿಸಬಾರದು. ಸೋಯಾ ಐಸೊಲೇಟ್ ಅಗ್ಗ, ಆಲ್ಕೊಹಾಲ್ ಬೇಡ, ನೀರಿನಲ್ಲೇ ಕೆಲಸ. ತೊಂದರೆ ಮಾರುಕಟ್ಟೆಯ ಪುಡಿಯದು: ತಯಾರಿಯಲ್ಲೇ ಕಾವು ಕಂಡು ಪ್ರೋಟೀನು ಅರ್ಧ ಕೆಟ್ಟಿರುತ್ತದೆ, ಪಿಎಚ್ 4.5ರ ಸುತ್ತ ತಳಕ್ಕೆ ಬೀಳುತ್ತದೆ, ಅಲರ್ಜಿಯ ಪಟ್ಟಿಯಲ್ಲೂ ಹೆಸರಿದೆ. ಬಟಾಣಿ ಪ್ರೋಟೀನಿಗೆ ಅಲರ್ಜಿಯ ಕಾಟ ಕಡಿಮೆ, ಆದರೆ ಹಸಿ ವಾಸನೆ ಮತ್ತು ಅರೆಬರೆ ಕರಗುವಿಕೆ ಕಾಡುತ್ತವೆ. ಎಣ್ಣೆಯ ಹನಿಗಳನ್ನು ಹಿಡಿದಿಡಲು ಸೋಯಾ, ಬಟಾಣಿ ಸಾಕು. ಹರಳಾಗುವ ಔಷಧವನ್ನು ಒಳಗೆ ಹಿಡಿದಿಡಲು ಝೀನೇ ಮೇಲು.

ಕೊಳ್ಳುವವರಿಗೆ

ಕಲಿಕೆಗೆ ಮತ್ತು ಮೊದಲ ಪರೀಕ್ಷೆಗಳಿಗೆ ಪ್ರಯೋಗಾಲಯ ದರ್ಜೆಯ ಸಣ್ಣ ಡಬ್ಬಿ ಸಾಕು. ಮೇಲಿನ ಅಳತೆಯಲ್ಲಿ 25 ಗ್ರಾಂ ಪುಡಿಯಿಂದ 50 ತಂಡ ಮಾಡಬಹುದು. ಉತ್ಪನ್ನವಾಗಿ ತರುವ ಯೋಚನೆಯಿದ್ದರೆ ಮೊದಲ ದಿನದಿಂದಲೇ ಔಷಧ ದರ್ಜೆಯದನ್ನೇ ಬಳಸಿ. ದರ್ಜೆ ಬದಲಾದಾಗ ಆಲ್ಫಾ ಝೀನ್‌ನ ಪಾಲು, ಉಳಿದ ಕೊಬ್ಬು, ಬಣ್ಣ ಎಲ್ಲ ಬದಲಾಗಿ ಕಣದ ಅಳತೆಯೇ ಬೇರೆಯಾಗುತ್ತದೆ, ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಮೆಕ್ಕೆಜೋಳ ಬೆಳೆ, ಅದರಲ್ಲಿ ಋತುವಿನಿಂದ ಋತುವಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಬ್ಯಾಚಿನ ವಿಶ್ಲೇಷಣಾ ಪತ್ರದಲ್ಲಿ ಸಾರಜನಕ, ತೇವಾಂಶ, ಉಳಿಕೆ ದ್ರಾವಕ, ಭಾರಲೋಹಗಳ ಜೊತೆಗೆ ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರ ವಿಷದ ಅಂಕಿ ಇದೆಯೇ ನೋಡಿ. ಮೆಕ್ಕೆಜೋಳಕ್ಕೆ ಶಿಲೀಂಧ್ರ ತಗಲುವುದು ಸಾಮಾನ್ಯ, ಅದಿಲ್ಲದ ಪತ್ರವನ್ನು ಒಪ್ಪಬಾರದು. ಡಬ್ಬಿಯನ್ನು ತಂಪು ಜಾಗದಲ್ಲಿ ಬಿಗಿಯಾಗಿ ಮುಚ್ಚಿಡಿ. ಫ್ರಿಜ್ಜಿನಿಂದ ತೆಗೆದೊಡನೆ ತೆರೆದರೆ ಪುಡಿಯ ಮೇಲೆ ತೇವ ಕೂರುತ್ತದೆ, ಕೋಣೆಯ ಕಾವಿಗೆ ಬಂದ ಮೇಲೆ ತೆರೆಯಿರಿ.

ಹೊಸ ಬ್ಯಾಚ್ ಬಂದಾಗ ಔಷಧ ಮುಟ್ಟುವ ಮುಂಚೆ ಖಾಲಿ ಕಣಗಳ ಒಂದು ತಂಡ ಮಾಡಿ. 80 ಶೇಕಡಾ ಎಥನಾಲಿನಲ್ಲಿ ಕರಗದೆ ಉಳಿದ ತೂಕ, ಕಣದ ಸರಾಸರಿ ಅಳತೆ, ಪಿಎಚ್ 4 ಮತ್ತು 7ರಲ್ಲಿ ಝೀಟಾ, 425 ನ್ಯಾನೊಮೀಟರಿನಲ್ಲಿ ಖಾಲಿ ಕಣ ಹೀರುವ ಬೆಳಕು ಇವನ್ನು ಡಬ್ಬಿಯ ಬ್ಯಾಚ್ ಸಂಖ್ಯೆಯ ಜೊತೆ ಬರೆದಿಡಿ. ಹಳೆಯ ಬ್ಯಾಚಿಗಿಂತ ಅಳತೆ 20 ಶೇಕಡಾಗೂ ಹೆಚ್ಚು ವ್ಯತ್ಯಾಸ ತೋರಿದರೆ ಸುರಿಯುವ ವೇಗ, ಸ್ಟಿರರಿನ ಸುತ್ತು ಎರಡನ್ನೂ ಮತ್ತೆ ಹೊಂದಿಸಿಕೊಂಡ ಮೇಲೆಯೇ ಕರ್ಕ್ಯುಮಿನ್ ತೂಗಿರಿ.